ಮುಚ್ಚಳ ಬಿಗಿದ ಬಾಟಲಿ

ಮುನಿಯಕ್ಕ ಹೋಗಿ ಇವತ್ತಿಗೆ ಇಪ್ಪತ್ತೈದು ದಿನ. ಅವಳಿಗೆ ಐವತ್ತೆರಡು ವರ್ಷ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ವಾರ್ಡಿನ ಒಣಕಸದ ಶೆಡ್ಡು ಇದೆ, ಅಲ್ಲಿ ಹನ್ನೊಂದು ವರ್ಷದಿಂದ ಕಸ ವಿಂಗಡಿಸುತ್ತಿದ್ದಳು. ಒಂದು ಸೋಮವಾರ ಅವಳ ಬಲ ಅಂಗೈಗೆ ಸೂಜಿ ಚುಚ್ಚಿತು. ಮುಂದಿನ ವಾರದ ಬುಧವಾರ ಬೆಳಿಗ್ಗೆ ಸತ್ತಳು. ನಡುವೆ ಇದ್ದದ್ದು ಒಂಬತ್ತು ದಿನ.

ಅವಳ ಮಗಳು ಇಂದ್ರಾಣಿ ಫೋನ್ ಮಾಡಿ, "ಆಂಟಿ, ಅಮ್ಮ ಹೋಗ್ಬಿಟ್ರು" ಅಂದಳು. "ಎಲ್ಲಿಗೆ?" ಎಂದು ಕೇಳಿದೆ. ನಿಜವಾಗಿಯೂ ಹಾಗೆಯೇ ಕೇಳಿದೆ. ಹಿಂದಿನ ಗುರುವಾರವಷ್ಟೇ ಅವಳು ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತು ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಕುಡಿದಿದ್ದಳು. ಬಲಗೈಗೆ ಹಳೇ ಸೀರೆಯ ಚೂರು ಸುತ್ತಿಕೊಂಡಿದ್ದಳು. ಏನಾಯಿತು ಅಂದರೆ, "ಏನೋ ಚುಚ್ತು ಬಿಡಿ, ಅರಿಶಿನ ಹಾಕಿದೀನಿ" ಅಂದಿದ್ದಳು. ನಾನೂ ಬಿಟ್ಟೆ.

ಸರ್ಕಾರಿ ಆಸ್ಪತ್ರೆಯಲ್ಲಿ ಆ ಕೈಯನ್ನು ನೋಡಿದೆ. ಮೊಣಕೈಯವರೆಗೆ ಊದಿ ಬಣ್ಣ ತಿರುಗಿತ್ತು. ಬಳೆಗಳನ್ನು ಕತ್ತರಿಸಿ ತೆಗೆದಿದ್ದರು. ಸಣ್ಣ ವಯಸ್ಸಿನ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ನಂಜು ರಕ್ತಕ್ಕೆ ಏರಿತ್ತು, ಸಕ್ಕರೆ ನಾನೂರರ ಮೇಲಿತ್ತು, ಸಕ್ಕರೆ ಕಾಯಿಲೆ ಇದ್ದದ್ದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅವಳು ಯಾವತ್ತೂ ಪರೀಕ್ಷೆ ಮಾಡಿಸಿರಲಿಲ್ಲ. ನನಗೂ ಅದೇ ಕಾಯಿಲೆ. ಹದಿನಾಲ್ಕು ವರ್ಷದಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಂಡು ಆರಾಮವಾಗಿದ್ದೇನೆ.

ಮೂರನೆಯ ದಿನ ಕದಿರೇನಹಳ್ಳಿಯ ಅವರ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಅವಳ ಗಂಡ ವೆಂಕಟಸ್ವಾಮಿ ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು. ಅವತ್ತು ಬಾಗಿಲ ಬಳಿ ಕುಳಿತು ಉಗುರಿಗೆ ಅಂಟಿದ್ದ ಬಣ್ಣ ಕೆರೆಯುತ್ತಿದ್ದ. ಇಂದ್ರಾಣಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ, ಶನಿವಾರ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ. ಅವಳು ನನ್ನೆದುರು ಬಂದು ಕುಳಿತಳು. ಅತ್ತಿರಲಿಲ್ಲ. ಎರಡು ಮಾತು ಕೇಳಿದಳು.

"ಆಂಟಿ, ನೀವು ಪತ್ರಿಕೇಲಿ ಕೆಲಸ ಮಾಡ್ದೋರು. ಅಮ್ಮನ ಬಗ್ಗೆ ಬರೀರಿ. ಯಾರಾದ್ರೂ ಓದ್ಲಿ."

"ಬರೀತೀನಿ."

"ಇನ್ನೊಂದು. ಅದು ಯಾರ್ ಮನೆ ಸೂಜಿ? ಅಮ್ಮಂಗೆ ಗೊತ್ತಿತ್ತು. ಚೀಲ ಮುಟ್ಟಿದ್ರೆ ಸಾಕು ಯಾರ್ ಮನೇದು ಅಂತ ಹೇಳೋರು. ಆಸ್ಪತ್ರೇಲಿ ಮೂರು ಸಲ ಕೇಳ್ದೆ. ಬಾಯೇ ಬಿಡ್ಲಿಲ್ಲ. ನಿಮ್ ಹತ್ರ ಹೇಳಿದ್ರಾ?"

"ಇಲ್ಲ ಕಣಮ್ಮ."

"ನನಗೆ ಆ ಮನೆ ಬೇಕು ಆಂಟಿ. ಜಗಳ ಮಾಡಲ್ಲ, ಪೊಲೀಸ್ ಹತ್ರ ಹೋಗಲ್ಲ. ಆ ಬಾಗ್ಲು ಮುಂದೆ ಹೋಗಿ ನಿಂತ್ಕೋಬೇಕು ಅಷ್ಟೇ. ಬಾಗ್ಲು ತೆಗೀತಾರಲ್ಲ, ಆ ಮುಖ ನೋಡ್ಬೇಕು."

ಹುಡುಕಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮುನಿಯಕ್ಕನ ಬಗ್ಗೆ ಹೇಳುವುದಾದರೆ ಅವಳ ಕೈಗಳಿಂದಲೇ ಶುರು ಮಾಡಬೇಕು. ಶೆಡ್ಡಿನಲ್ಲಿ ಎಲ್ಲರಿಗೂ ಗ್ಲೌಸ್ ಕೊಟ್ಟಿದ್ದರು. ಅವಳು ಹಾಕಿಕೊಂಡೇ ಬಂದು, ಅರ್ಧ ಗಂಟೆಯಲ್ಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಗ್ಲೌಸ್ ಹಾಕ್ಕೊಂಡ್ರೆ ಪ್ಲಾಸ್ಟಿಕ್ ಮಾತಾಡಲ್ಲ ಉಮಮ್ಮ" ಎನ್ನುತ್ತಿದ್ದಳು. ನನ್ನ ಹೆಸರು ಉಮಾಮಹೇಶ್ವರಿ, ಅದು ಅವಳ ಬಾಯಲ್ಲಿ ಉಮಮ್ಮ ಆಗಿತ್ತು. ಪ್ಲಾಸ್ಟಿಕ್ಕಿನ ತುಂಡೊಂದನ್ನು ಉಗುರಿನಿಂದ ಮೀಟಿ ಸದ್ದು ಕೇಳಿ, ಇದು ಈ ಚೀಲಕ್ಕೆ, ಅದು ಆ ಚೀಲಕ್ಕೆ ಎಂದು ಎಸೆಯುತ್ತಿದ್ದಳು. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಲ್ಲಿ ಹನ್ನೆರಡು ರಾಶಿಗಳಿದ್ದವು.

ಬಾಟಲಿಗಳ ಕೆಲಸ ಬೇರೆ. ಬಾಟಲಿ ಒಂದು ಜಾತಿಯ ಪ್ಲಾಸ್ಟಿಕ್, ಮುಚ್ಚಳ ಇನ್ನೊಂದು ಜಾತಿ. ಎರಡೂ ಒಟ್ಟಿಗಿದ್ದರೆ ಕೊಳ್ಳುವವರು ತಗೊಳ್ಳುವುದಿಲ್ಲ. ಮುಚ್ಚಳ ಇದ್ದರೆ ಒಳಗೆ ಗಾಳಿ ನಿಂತು ಬಾಟಲಿ ಚಪ್ಪಟೆಯೂ ಆಗುವುದಿಲ್ಲ. ಹಾಗಾಗಿ ಬಂದ ಪ್ರತಿಯೊಂದು ಬಾಟಲಿಯ ಮುಚ್ಚಳ ತಿರುಗಿಸಿ ತೆಗೆಯಬೇಕು, ತಲೆಕೆಳಗು ಮಾಡಿ ಅಂಗೈಗೆ ಬಡಿದು ಒಳಗಿದ್ದದ್ದನ್ನು ಬೀಳಿಸಬೇಕು. ದಿನಕ್ಕೆ ಸಾವಿರದಷ್ಟು ಮುಚ್ಚಳ. ಇದನ್ನು ನಾನು ಕಣ್ಣಾರೆ ನೋಡಿದ್ದೆ. ಒಂದಲ್ಲ, ಹತ್ತು ಸಲ ನೋಡಿದ್ದೆ.

ನಮ್ಮ ಪರಿಚಯವಾಗಿದ್ದು ಆರು ವರ್ಷದ ಹಿಂದೆ, ನನ್ನ ತಪ್ಪಿನಿಂದ. ಮನೆಯ ಹಳೇ ವಾರಪತ್ರಿಕೆಗಳನ್ನೆಲ್ಲ ಕಟ್ಟಿ ಕಸದ ಗಾಡಿಗೆ ಹಾಕಿದ್ದೆ. ಅವುಗಳ ನಡುವೆ ನನ್ನ ತಾಯಿಯ ಹಾಡಿನ ಪುಸ್ತಕ ಸೇರಿಹೋಗಿತ್ತು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಲ್ಲ ಅವರ ಕೈಬರಹದಲ್ಲಿತ್ತು. ಎರಡು ದಿನದ ಮೇಲೆ ಒಬ್ಬ ಹೆಂಗಸು ಗೇಟಿನ ಹೊರಗೆ ನಿಂತು, "ಅಮ್ಮಾ, ಗೀಚೋ ಕೆಲಸದ ಅಮ್ಮ ಇದೇ ಮನೇನಾ?" ಎಂದು ಕೂಗಿದಳು. ನಾನು ಕರಡು ತಿದ್ದುವವಳು. ತಿದ್ದಿ ಮುಗಿದ ಹಾಳೆಗಳು ವಾರವಾರ ನನ್ನ ಕಸದಲ್ಲಿ ಹೋಗುತ್ತಿದ್ದವು. ಅವಳು ನನ್ನ ಮನೆಯನ್ನು ಗುರುತು ಹಿಡಿದದ್ದು ಹಾಗೆ.

"ಅಚ್ಚಾಗಿರೋದಾದ್ರೆ ರದ್ದಿಗೆ ಹಾಕ್ತಿದ್ದೆ. ಇದು ಕೈಯಲ್ಲಿ ಬರ್ದಿರೋದು. ಮೂಲೇಲಿ ಅರಿಶಿನ ಕೈ ಗುರುತು ಐತೆ. ಯಾರೋ ಹೆಣ್ಣುಮಗಳು ಅಡುಗೆ ಮಾಡ್ತಾ ಮಾಡ್ತಾ ನೋಡ್ಕೊಂಡವ್ಳೆ ಅನ್ನಿಸ್ತು. ಏನ್ ಬರ್ದೈತೆ ಇದ್ರಲ್ಲಿ?"

"ನಿನಗೆ ಓದೋಕೆ ಬರಲ್ವಾ?"

"ಬಂದಿದ್ರೆ ನಿಮ್ಮನ್ ಯಾಕೆ ಕೇಳ್ತಿದ್ದೆ?" ಎಂದು ನಕ್ಕಳು.

ಅವತ್ತು ಒಂದು ಹಾಡು ಓದಿ ಹೇಳಿದೆ. ಅವಳು ಅದನ್ನು ಬೇರೆ ಧಾಟಿಯಲ್ಲಿ ಹಾಡಿದಳು. ಆಮೇಲೆ ಪ್ರತಿ ಗುರುವಾರ, ಕೆಲಸ ಮುಗಿಸಿ ಹೋಗುವಾಗ ನಮ್ಮ ಮೆಟ್ಟಿಲ ಮೇಲೆ ಕಾಲು ಗಂಟೆ ಕುಳಿತು ಹೋಗುವುದು ಅಭ್ಯಾಸವಾಯಿತು.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಮೊದಲ ಎರಡು ತಿಂಗಳು ನಾನು ಅವಳಿಗೆ ಕಾಫಿ ಕೊಡುತ್ತಿದ್ದದ್ದು ಪೇಪರ್ ಕಪ್ಪಿನಲ್ಲಿ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಒಂದು ಗುರುವಾರ ಅವಳು ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ, ಸಿಟ್ಟಿಲ್ಲದೆ, ಹವಾಮಾನದ ಮಾತಾಡುವ ಹಾಗೆ ಹೇಳಿದಳು: "ಉಮಮ್ಮ, ನಿಮ್ ಮನೆ ಕಸದಲ್ಲಿ ವಾರಕ್ಕೊಂದು ಪೇಪರ್ ಕಪ್ ಬರುತ್ತೆ. ಒಂದೇ ಒಂದು. ನೆಂಟರು ಬಂದಿದ್ರೆ ಮೂರು ನಾಕು ಬರ್ಬೇಕಿತ್ತು. ಅದು ನಂದೇ ಅಲ್ವಾ? ನಾನು ಕುಡಿದಿದ್ದನ್ನ ನಾನೇ ವಿಂಗಡಿಸ್ತಿದೀನಿ."

ಒಳಗೆ ಹೋಗಿ ಸ್ಟೀಲ್ ಲೋಟ ತಂದೆ. ಅವಳು, "ಇವತ್ತಿಂದು ಆಗೋಯ್ತು, ಮುಂದಿನ ವಾರ ಕೊಡಿ" ಎಂದು ಕಪ್ಪನ್ನು ಮುದುರಿ ತನ್ನ ಚೀಲಕ್ಕೆ ಹಾಕಿಕೊಂಡಳು.

ನಾನು ಮೂವತ್ತೊಂದು ವರ್ಷ ಬೇರೆಯವರ ಬರಹ ಓದಿ ತಪ್ಪು ಹುಡುಕಿದವಳು. ಅವಳು ನಮ್ಮೆಲ್ಲರ ಕಸ ಓದುತ್ತಿದ್ದಳು. ಒಂಬತ್ತನೇ ಮೇನ್ ರಸ್ತೆಯ ಒಂದು ಮನೆಯಿಂದ ದಿನಾ ಬರುತ್ತಿದ್ದ ಆನ್‌ಲೈನ್ ಡಬ್ಬಿಗಳು ನಿಂತು, ಐದು ರೂಪಾಯಿಯ ಶ್ಯಾಂಪೂ ಪಾಕೀಟುಗಳು ಶುರುವಾದಾಗ, "ಆ ಹುಡುಗನ ಕೆಲಸ ಹೋಗೈತೆ" ಅಂದಳು. ಅವನು ಮತ್ತೂ ಮೂರು ತಿಂಗಳು ಬ್ಯಾಗ್ ನೇತುಹಾಕಿಕೊಂಡು ಆಫೀಸಿಗೆ ಹೋಗುವ ಹಾಗೆ ಹೊರಡುತ್ತಿದ್ದ. ಏಕಾದಶಿ ಉಪವಾಸದ ಮನೆಯಿಂದ ದಿನಪತ್ರಿಕೆಯಲ್ಲಿ ನಾಲ್ಕು ಸುತ್ತು ಸುತ್ತಿದ ಬ್ರಾಂದಿ ಬಾಟಲಿ ಬರುತ್ತಿತ್ತು. "ಪಾಪ, ನನ್ ಹತ್ರ ಮುಚ್ಚಿಡೋಕೆ ಎಷ್ಟ್ ಕಷ್ಟ ಪಡ್ತಾರೆ ನೋಡಿ" ಎಂದು ನಗುತ್ತಿದ್ದಳು. ಹಿರಿಯರಿದ್ದ ಮನೆಯಿಂದ ಮಾತ್ರೆಯ ಹಾಳೆಗಳು ಬರುವುದು ನಿಂತರೆ ಮಾತ್ರ ನಗುತ್ತಿರಲಿಲ್ಲ. ಆ ದಿನ ಸಂಜೆ ಆ ಬೀದಿಯಲ್ಲಿ ಹಾದು, ಗೇಟಿನ ಎದುರು ಒಂದು ನಿಮಿಷ ನಿಂತು ಬರುತ್ತಿದ್ದಳು. ಆ ಮನೆಯವರಿಗೆ ಅವಳು ಯಾರೆಂದೇ ಗೊತ್ತಿರುತ್ತಿರಲಿಲ್ಲ.

ಶೆಡ್ಡಿನ ಒಳಗೋಡೆಗೆ ಒಂದು ಹಲಗೆ ಹೊಡೆಸಿದ್ದಳು. ಮುಖ ಇರುವ ಯಾವುದನ್ನೂ, ಕೈಬರಹ ಇರುವ ಯಾವುದನ್ನೂ ಅವಳು ನೇರವಾಗಿ ಮೂಟೆಗೆ ಹಾಕುತ್ತಿರಲಿಲ್ಲ. ಅವು ಆ ಹಲಗೆಯ ಮೇಲೆ ಮೂರು ದಿನ ಇರುತ್ತಿದ್ದವು. ಮದುವೆಯ ಫೋಟೋ, ಮಾರ್ಕ್ಸ್ ಕಾರ್ಡು, ಮಿಲಿಟರಿಯಿಂದ ಬಂದ ಕಾಗದ, ಮಗುವಿನ ಕಾಲ್ಗುರುತು ಇದ್ದ ಆಸ್ಪತ್ರೆ ಚೀಟಿ. ಕೆಲವನ್ನು ವಾಪಸು ತಲುಪಿಸಿದಳು. ಕೆಲವರು ಬಾಗಿಲಲ್ಲೇ, "ನಾವೇ ಬಿಸಾಕಿದ್ದು, ಯಾಕೆ ತಂದೆ?" ಎಂದು ಬೈದರು. ಒಂದು ಸಲ ಒಂದು ಸ್ಟೀಲ್ ಲೋಟ ತಂದು ನನಗೆ ತೋರಿಸಿದಳು. ತಳದಲ್ಲಿ ಉಗುರು ಬಣ್ಣದ ಒಂದು ಬೊಟ್ಟು ಇತ್ತು. ಏನಿದು ಎಂದರೆ, "ಕೆಲಸದವಳ ಲೋಟ. ಕಲಸಿಹೋಗ್ಬಾರ್ದು ಅಂತ ಗುರುತು. ಅವಳು ಕೆಲಸ ಬಿಟ್ಲು, ಲೋಟಾನೂ ಬಿಸಾಕವ್ರೆ. ಹೊಸಾದು, ಒಂದು ಸೊಟ್ಟೂ ಇಲ್ಲ" ಅಂದಳು. ಬೊಟ್ಟನ್ನು ಉಜ್ಜಿ ತೆಗೆದು ಅದನ್ನು ತನ್ನ ಮನೆಗೆ ಒಯ್ದಳು.

ಅವಳ ಮನೆಯಲ್ಲಿರುವ ಬುದ್ಧ ಕೂಡ ಹಾಗೆ ಬಂದವನೇ. ಯಾರದೋ ಹಾಲಿನಲ್ಲಿ ಶೋಕಿಗೆ ಇಟ್ಟಿದ್ದದ್ದು. ಒಂದು ಕಿವಿ ಮುರಿದಿದ್ದರಿಂದ ಕಸಕ್ಕೆ ಹಾಕಿದ್ದರು. ಮುನಿಯಕ್ಕನ ಅಪ್ಪನ ಕಾಲದಿಂದಲೂ ಅವರ ಮನೆಯಲ್ಲಿ ಬುದ್ಧನ ಮುಂದೆ ದೀಪ ಹಚ್ಚುತ್ತಾರೆ. "ಅಲ್ಲಿ ಟಿ.ವಿ. ಪಕ್ಕ ಕೂತಿದ್ದ, ಇಲ್ಲಿ ದೀಪದ ಪಕ್ಕ ಕೂತ. ಕಿವಿ ಒಂದಿದ್ರೆ ಏನು, ನಾವ್ ಹೇಳೋದು ಅಷ್ಟಿಷ್ಟು ಕೇಳಿಸುತ್ತೆ" ಎನ್ನುತ್ತಿದ್ದಳು.

ಅವಳ ಅಪ್ಪ ಇದೇ ನೆಲದಲ್ಲಿ, ಇಲ್ಲಿ ಬಡಾವಣೆಯಾಗುವ ಮೊದಲು, ಬೇರೆಯವರ ಹೊಲದಲ್ಲಿ ರಾಗಿ ಕುಯ್ದವನು. ಅವಳು ಒಂಬತ್ತನೇ ವಯಸ್ಸಿಗೆ ಹೆಗಲಿಗೆ ಚೀಲ ಹಾಕಿಕೊಂಡು ಬೀದಿಯಲ್ಲಿ ಆಯಲು ಹೋದವಳು. ನಾಯಿ ಕಚ್ಚಿದ ಗುರುತು ಕಾಲಿನಲ್ಲಿತ್ತು. ಕಳ್ಳಿ ಎಂದು ಹಿಡಿದು ಕೂರಿಸಿದ್ದ ಕಥೆ ಎರಡು ಸಲ ಹೇಳಿದ್ದಳು. ಶೆಡ್ಡು ಬಂದು, ಕೊರಳಿಗೆ ಗುರುತಿನ ಚೀಟಿ ಸಿಕ್ಕ ದಿನ ಅದನ್ನು ಹಾಕಿಕೊಂಡೇ ಮಲಗಿದ್ದಳಂತೆ.

ಇಂದ್ರಾಣಿಗೆ ಮಾತು ಕೊಟ್ಟು ಬಂದ ಮೇಲೆ ಮನೆಯಲ್ಲಿ ಕುಳಿತು ಯೋಚಿಸಿದೆ. ನಮ್ಮ ಸುತ್ತ ಸೂಜಿ ಬಳಸುವ ಮನೆಗಳು ಯಾವುವು? ಬೀದಿಯ ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ನರ್ಸ್ ಬರುತ್ತಾಳೆ. ಪಾರ್ಕಿನ ಎದುರು ನಾಯಿಗಳ ಡಾಕ್ಟರಿದ್ದಾರೆ. ಜಿಮ್‌ಗೆ ಹೋಗುವ ಮೂವರು ಹುಡುಗರು ಬಾಡಿಗೆಗಿದ್ದಾರೆ, ಏನೇನೋ ಚುಚ್ಚಿಕೊಳ್ಳುತ್ತಾರೆ ಎಂದು ಕೇಳಿದ್ದೆ. ನನಗೆ ಆ ಹುಡುಗರ ಮೇಲೆ ಅನುಮಾನ ಬಲವಾಯಿತು. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. "ಬರಿಯ ಸೂಜಿಯನ್ನು ಕಸಕ್ಕೆ ಎಸೆಯುವವರು ಒಬ್ಬ ತಾಯಿಯನ್ನು ಕೊಂದಿದ್ದೀರಿ. ಓದು ಬರಹ ಬಲ್ಲವರು ಮಾಡುವ ಕೆಲಸವೇ ಇದು?" ಮೂವತ್ತೇಳು ಜನ ಕೈ ಮುಗಿದ ಚಿತ್ರ ಹಾಕಿದರು. ಜಿಮ್ ಹುಡುಗರಲ್ಲೊಬ್ಬ ಕೂಡ ಹಾಕಿದ. ಎಷ್ಟು ಧೈರ್ಯ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಹುಲಿಗೆವ್ವ ಮುನಿಯಕ್ಕನ ಜಾಗದಲ್ಲಿ ಕುಳಿತು ಬಾಟಲಿ ಬಿಚ್ಚುತ್ತಿದ್ದಳು. ಕೊಪ್ಪಳದ ಕಡೆಯವಳು, ಏಳು ವರ್ಷದಿಂದ ಮುನಿಯಕ್ಕನ ಪಕ್ಕದಲ್ಲೇ ಕೆಲಸ. ನನ್ನನ್ನು ನೋಡಿ ಎದ್ದು ನಿಂತಳು.

"ಆ ದಿನ ಏನಾಯ್ತು ಹೇಳು ಹುಲಿಗೆವ್ವ."

"ಏನ್ ಹೇಳ್ಲಿ ಅಕ್ಕಾರ. ಬಿಳೀ ಬಾಟ್ಲಿ ಇತ್ರಿ, ಫಿನಾಯಿಲ್‌ದು. ಮುಚ್ಚಳಕ್ಕ ಟೇಪ್ ಸುತ್ತಿದ್ರು. ಅಲ್ಲಾಡ್ಸಿದ್ರ ಒಳಗ ಗಿಲಿಗಿಲಿ ಅಂತಿತ್ತು. 'ಗುಂಡಿ ಇರ್ಬೇಕು ಕಣೇ, ಬ್ಲೌಸಿಗೆ ಆಯ್ತು' ಅಂತ ನಕ್ಕೋತ ಟೇಪ್ ಹರಿದ್ಳು. ಅಂಗೈಗೆ ಹಿಂಗ ಬಡಕೊಂಡ್ಳು ನೋಡ್ರಿ..." ಹುಲಿಗೆವ್ವ ತನ್ನ ಅಂಗೈಗೆ ಬರಿಗೈ ಬಡಿದು ತೋರಿಸಿದಳು. "ಒಂದ್ ಮುಷ್ಟಿ ಸೂಜಿ ಬಿತ್ರಿ. ಮೂರು ನೆಟ್ಟಗ ಒಳಗ ಹೋಗಿದ್ವು. ಆಕಿ ಕೂಗ್ಲಿಲ್ಲ. ಒಂದೊಂದ ಕಿತ್ತು ತೆಗದ್ಳು. ಆಮೇಲ ಬಾಟ್ಲಿ ಬಂದಿದ್ದ ಚೀಲ ತಿರುಗಿಸಿ ನೋಡಿದ್ಳು. ನೋಡಿ ಸುಮ್ನಾದ್ಳು."

"ಯಾರ ಮನೇದು ಅಂತ ಕೇಳಲಿಲ್ವಾ?"

"ಕೇಳಿದ್ನಿರಿ. 'ನಿಂಗ್ಯಾಕೆ, ಕೆಲಸ ನೋಡು' ಅಂದ್ಳು. ನನಗ ಎಂದೂ ಹಂಗ ಅಂದಾಕಿ ಅಲ್ಲ."

ಅಷ್ಟರಲ್ಲಿ ಗಾಡಿ ನಿಲ್ಲಿಸಿ ಸಿದ್ದರಾಜು ಬಂದ. ಶೆಡ್ಡಿನ ಉಸ್ತುವಾರಿ ಅವನದೇ, ಗಾಡಿಯನ್ನೂ ಅವನೇ ಓಡಿಸುತ್ತಾನೆ. ಅವನ ಕಣ್ಣು ಕೆಂಪಾಗಿತ್ತು. "ನಂದೂ ತಪ್ಪೇ ಮೇಡಂ. ಆವತ್ತು ರೇಗಿಸ್ಬಿಟ್ಟೆ. ಬಾಟ್ಲಿ ಮೇಲೆ ಬರ್ದಿತ್ತು ಮೇಡಂ. ದಪ್ಪಕ್ಷರದಲ್ಲಿ. 'ಏನಕ್ಕಾ, ಸೂಜಿ ಅಂತ ಬರ್ದವ್ರೆ, ಕಣ್ ಕಾಣಲ್ವಾ?' ಅಂದೆ. 'ಕಣ್ ಕಾಣುತ್ತೆ ಕಣಪ್ಪ, ಅಕ್ಷರ ಕಾಣಲ್ಲ' ಅಂದ್ರು. ಎಲ್ರೂ ನಕ್ವಿ. ಅವರೂ ನಕ್ರು."

"ಆ ಬಾಟ್ಲಿ ಏನಾಯ್ತು?"

"ಐತೆ ಮೇಡಂ. ಸೂಜಿ ಎಲ್ಲಾ ವಾಪಸ್ ತುಂಬ್ಸಿ ಆ ಹಳದಿ ಡಬ್ಬದಲ್ಲಿ ಇಟ್ಟಿದೀನಿ. ಆಸ್ಪತ್ರೆ ಕಸದ ಗಾಡಿ ಇನ್ನೂ ಬಂದಿಲ್ಲ."

ಅವನು ಗ್ಲೌಸ್ ಹಾಕಿಕೊಂಡು ಅದನ್ನು ಹೊರತೆಗೆದು ನನ್ನ ಮುಂದೆ ಹಿಡಿದ.

ಬಿಳಿ ಬಾಟಲಿಯ ಹೊಟ್ಟೆಯ ಮೇಲೆ ಚೌಕವಾಗಿ ಕತ್ತರಿಸಿ ಅಂಟಿಸಿದ ಕಾಗದ. ನೀಲಿ ಇಂಕಿನಲ್ಲಿ ಎರಡು ಸಾಲು. "ಎಚ್ಚರಿಕೆ. ಒಳಗೆ ಸೂಜಿಗಳಿವೆ. ದಯವಿಟ್ಟು ತೆರೆಯಬೇಡಿ." ಪೂರ್ಣವಿರಾಮಗಳು ಎಲ್ಲಿರಬೇಕೋ ಅಲ್ಲಿದ್ದವು. ಒಂದೂ ಕಾಗುಣಿತ ತಪ್ಪಿರಲಿಲ್ಲ. ಅದು ನನ್ನ ಅಕ್ಷರ.

ಪಕ್ಕದ ಮೂಟೆಯ ಮೇಲೆ ಕುಳಿತುಬಿಟ್ಟೆ. ಸಿದ್ದರಾಜು "ಮೇಡಂ, ನೀರು" ಎಂದು ಲೋಟ ಚಾಚಿದ. ಇಷ್ಟು ವರ್ಷ ನನ್ನ ಸೂಜಿಗಳನ್ನು ತಗೊಳ್ಳುತ್ತಿದ್ದ ಕ್ಲಿನಿಕ್ ಈ ವರ್ಷ ಮುಚ್ಚಿತ್ತು. ಬಾಟಲಿ ಗಟ್ಟಿಯಿರಲಿ ಎಂದು ಫಿನಾಯಿಲ್ ಬಾಟಲಿ ಆರಿಸಿದ್ದೆ. ಮುಚ್ಚಳ ಬಿಗಿದಿದ್ದೆ. ಟೇಪ್ ಸುತ್ತಿದ್ದೆ. ಚೀಟಿ ಬರೆದು ಅಂಟಿಸಿ, ಇಷ್ಟು ಜಾಗ್ರತೆ ಯಾರು ಮಾಡುತ್ತಾರೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮುಚ್ಚಳ ಇರುವ ಬಾಟಲಿಯನ್ನು ಅವರು ತೆರೆದೇ ತೀರಬೇಕು ಎಂಬುದು ನನಗೆ ಗೊತ್ತಿತ್ತು. ತೆರೆಯುವವಳಿಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿತ್ತು. ಆರು ವರ್ಷದಿಂದ ವಾರವಾರ ನನ್ನೆದುರು ಕುಳಿತವಳು ಅವಳು. ಆದರೂ ಚೀಟಿ ಬರೆಯುವಾಗ ನನ್ನ ತಲೆಯಲ್ಲಿ ಓದುವವರೇ ಇದ್ದರು. ಅದನ್ನು ತೆರೆಯುವ ಕೈ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ಒಂದು ಪಕ್ಷ ಬಂದಿದ್ದರೆ, ಬಾಟಲಿಯನ್ನು ಒಂದು ಗುರುವಾರ ಅವಳ ಕೈಗೇ ಕೊಟ್ಟು, ಜೋಪಾನ, ಒಳಗೆ ಸೂಜಿ ಇದೆ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ. ಮೂರು ಮಾತಿನ ಕೆಲಸ.

ಆಗ ನೆನಪಾಯಿತು, ಆ ಕೊನೆಯ ಗುರುವಾರ ಅವಳು ಹೇಳಿದ್ದು. ಕಾಫಿ ಮುಗಿಸಿ ಏಳುವಾಗ, "ಉಮಮ್ಮ, ಇನ್ಮೇಲೆ ನಿಮ್ ಒಣಕಸ ಗಾಡಿಗೆ ಹಾಕ್ಬೇಡಿ. ನಾನೇ ಬಂದು ಈಸ್ಕೊಂಡು ಹೋಗ್ತೀನಿ" ಅಂದಿದ್ದಳು. ನನಗೆ ಮಂಡಿ ನೋವು, ಮೆಟ್ಟಿಲು ಇಳಿಯುವುದು ಕಷ್ಟ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. "ಅಷ್ಟು ಉಪಕಾರ ಮಾಡು" ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಇನ್ನೇನೋ ಹೇಳುವವಳಿದ್ದಳೇ? ಗೊತ್ತಿಲ್ಲ. ಸೀರೆ ಚೂರು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಗೇಟು ದಾಟಿ ಹೋದಳು.

ಎರಡು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ಇಂಜೆಕ್ಷನ್ ತಗೊಳ್ಳಬೇಕಿತ್ತು, ತಗೊಂಡೆ. ಅದಕ್ಕೂ ನಾಚಿಕೆಯಾಯಿತು. ಬಳಸಿದ ನಾಲ್ಕು ಸೂಜಿಗಳು ಸ್ಟೀಲ್ ಡಬ್ಬಿಯಲ್ಲಿ ಬಿದ್ದವು. ಮೂರನೆಯ ದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಒಯ್ದರೆ, "ಇಲ್ಲಿ ತಗೊಳಲ್ಲ ಆಂಟಿ, ಕಸಕ್ಕೇ ಹಾಕಿ" ಅಂದರು. ವಾಪಸು ತಂದೆ. ಇಂದ್ರಾಣಿಗೆ ಹೇಳದೆಯೂ ಇರಬಹುದಿತ್ತು. ಮುನಿಯಕ್ಕ ಬಾಯಿ ಬಿಟ್ಟಿರಲಿಲ್ಲ. ಸಿದ್ದರಾಜುವಿಗಾಗಲಿ ಹುಲಿಗೆವ್ವನಿಗಾಗಲಿ ಅದು ಯಾರ ಅಕ್ಷರ ಎಂದು ಗೊತ್ತಿಲ್ಲ, ಮುದುಕಿಗೆ ದುಃಖಕ್ಕೆ ತಲೆ ಸುತ್ತಿತು ಎಂದುಕೊಂಡಿದ್ದರು. ಹೀಗೆಲ್ಲ ಲೆಕ್ಕ ಹಾಕಿದ್ದೂ ನಿಜ.

ಅದೇ ದಿನ ಸಂಜೆ ಕದಿರೇನಹಳ್ಳಿಗೆ ಹೋದೆ. ಇಂದ್ರಾಣಿ ಒಲೆಯ ಮುಂದೆ ಇದ್ದಳು. ನನ್ನನ್ನು ನೋಡಿ, "ಸಿಕ್ತಾ ಆಂಟಿ?" ಅಂದಳು.

"ಸಿಕ್ತು. ನೀನು ಯಾರ ಬಾಗಿಲ ಮುಂದೂ ಹೋಗೋದು ಬೇಡ. ಆ ಮುಖ ಇಲ್ಲೇ ಬಂದಿದೆ."

ಅವಳಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಬಾಟಲಿ, ಟೇಪ್, ಚೀಟಿ, ಅದರ ಮೇಲಿನ ಎರಡು ಸಾಲು. ವೆಂಕಟಸ್ವಾಮಿ ಬಾಗಿಲ ಬಳಿಯಿಂದ ತಿರುಗಿ ನೋಡಿ ಮತ್ತೆ ಬೀದಿಯ ಕಡೆ ಮುಖ ಮಾಡಿದ. ಒಲೆಯ ಮೇಲಿನ ಸಾರು ಉಕ್ಕಿತು. ಅವಳು ಆರಿಸಲಿಲ್ಲ, ನಾನೇ ಎದ್ದು ಆರಿಸಿದೆ.

"ಅಮ್ಮಂಗೆ ಗೊತ್ತಿತ್ತಾ, ನಿಮ್ಮದು ಅಂತ?"

"ಗೊತ್ತಿತ್ತು. ಚೀಲ ನೋಡಿದಾಗಲೇ."

"ಹಂಗಾದ್ರೆ ಗುರುವಾರ ನಿಮ್ಮನೇಲಿ ಕಾಫಿ ಯಾಕ್ ಕುಡಿದ್ರು?"

ನಾನು ಸಾರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದೆ.

"ಹೇಳಿ ಆಂಟಿ. ನೀವು ಅಷ್ಟೊಂದು ಓದ್ದೋರು. ಕೈ ಊದ್ಕೊಂಡಿದೆ, ನೋಯ್ತಿದೆ, ಅಲ್ಲಿಗೇ ಬಂದು, ಅದೇ ಮೆಟ್ಲ ಮೇಲೆ ಕೂತ್ಕೊಂಡು... ನಿಮಗೆ ಬೇಜಾರಾಗುತ್ತೆ ಅಂತಾನಾ? ನಿಮಗೆ ಬೇಜಾರಾಗ್ಬಾರ್ದು ಅಂತ ನಮ್ಮಮ್ಮ ಸಾಯ್ಬೇಕಿತ್ತಾ? ಅವತ್ತೇ ಅವರು ಬಾಯಿ ಬಿಟ್ಟಿದ್ರೆ ನೀವೇ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತಿದ್ರಿ. ಹೋಗ್ತಿದ್ರಿ ತಾನೇ?"

"ಹೋಗ್ತಿದ್ದೆ."

"ಹೂಂ." ಅವಳು ಆಗ ಅತ್ತಳು. ನಾನು ಹತ್ತಿರ ಹೋಗಲು ನೋಡಿದೆ. "ಮುಟ್ಟಬೇಡಿ" ಅಂದಳು. ವೆಂಕಟಸ್ವಾಮಿ ಒಳಗೆ ಬಂದು ಮಗಳ ಪಕ್ಕ ಕುಳಿತು, ನನ್ನ ಕಡೆ ನೋಡದೆ, "ನೀವ್ ಹೊರಡಿ ಅಮ್ಮಾ, ಕತ್ತಲಾಗುತ್ತೆ" ಅಂದ.

ಚಪ್ಪಲಿ ಹಾಕಿಕೊಳ್ಳುವಾಗ ಒಳಗಿಂದ ಇಂದ್ರಾಣಿಯ ದನಿ ಬಂತು. "ಬರೀತೀನಿ ಅಂದಿದ್ರಲ್ಲ. ಬರೀರಿ. ಇದನ್ನೂ ಬರೀರಿ. ಅಚ್ಚಿಗೆ ಕಳಿಸೋ ಮುಂಚೆ ನನಗೆ ತೋರಿಸ್ಬೇಕು."

ಬರೆದೆ. ಹನ್ನೆರಡು ದಿನ ಹಿಡಿಯಿತು. ನಿನ್ನೆ ಬಟ್ಟೆ ಅಂಗಡಿಯ ಹೊರಗೆ, ಅವಳ ಊಟದ ಬಿಡುವಿನಲ್ಲಿ ಕೊಟ್ಟೆ. ಅವಳು ಫುಟ್‌ಪಾತಿನ ಕಟ್ಟೆಯ ಮೇಲೆ ಕುಳಿತು ಓದಿದಳು, ನಾನು ನಿಂತಿದ್ದೆ. ಪೇಪರ್ ಕಪ್ಪಿನ ಜಾಗದಲ್ಲಿ ಒಂದು ಸಲ ತಲೆ ಎತ್ತಿ ನೋಡಿದಳು. ಪೂರ್ತಿ ಓದಿ, ಮತ್ತೆ ಮೊದಲ ಪುಟಕ್ಕೆ ಬಂದಳು. ಅಲ್ಲಿ ನಾನು, "ಯಾವುದೋ ಒಂದು ಮನೆಯ ಸೂಜಿ ಅವಳ ಅಂಗೈಗೆ ಚುಚ್ಚಿತು" ಎಂದು ಬರೆದಿದ್ದೆ. ಕಥೆಯನ್ನು ಹಾಗೆಯೇ ಶುರು ಮಾಡಬೇಕು ಎಂದು ನನಗೆ ಅನ್ನಿಸಿತ್ತು.

"ಯಾವುದೋ ಒಂದು ಮನೆ ಅಂದ್ರೆ?" ಅಂದಳು. "ನಿಮ್ಮನೆಗೆ ನಂಬರ್ ಇಲ್ವಾ?"

ನನ್ನ ಪೆನ್ನು ಈಸಿಕೊಂಡು ಆ ಪದಗಳನ್ನು ಹೊಡೆದುಹಾಕಿದಳು. ಅಂಚಿನಲ್ಲಿ ಏನು ಬರೆಯಬೇಕು ಎಂದು ಕೇಳಿದಳು. ಹೇಳಿದೆ, ಬರೆದುಕೊಂಡಳು. ಆಮೇಲೆ, ಅದು ಮೊದಲಲ್ಲಿ ಬೇಡ, ಕೊನೆಯಲ್ಲಿ ಇರಲಿ, ಜನ ಅದನ್ನು ಓದಿ ಪುಟ ಮುಚ್ಚಲಿ ಎಂದಳು. ಹಾಳೆಗಳನ್ನು ನನ್ನ ಕೈಗೆ ಕೊಟ್ಟು ಅಂಗಡಿಯೊಳಗೆ ಹೋದಳು.

ಮುನಿಯಕ್ಕನ ಅಂಗೈಗೆ ಚುಚ್ಚಿದ ಸೂಜಿ ಬಂದದ್ದು ಬನಶಂಕರಿ ಎರಡನೇ ಹಂತ, ಮನೆ ನಂಬರ್ ಸಾವಿರದ ನೂರ ನಲವತ್ತೇಳು, ಮಹಡಿಯ ಮೇಲಿನ ಮನೆಯಿಂದ. ಅಲ್ಲಿರುವವಳು ಉಮಾಮಹೇಶ್ವರಿ.